ದಾರಿಯಲ್ಲಿರುವ ಸರಕು ಯಾರ ಲೆಕ್ಕದಲ್ಲಿದೆ?

ಮೃಗಶಿರೆ ಮಳೆ ಹಿಡಿಯುವ ಹೊತ್ತಿಗೆ ಅಡಕೆಗೊನೆಗಳಿಗೆ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗವು ಫಸಲನ್ನು ಉಳಿಸದೆಂಬುದನ್ನು ಉಮ್ಮಚಗಿಯ ಕಡೆಯ ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡಬೇಕಾದುದಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ದ್ರಾವಣದ ಪ್ರಮಾಣ. ಮಳೆ ಬಿಡುವು ಕೊಟ್ಟ ದಿನ ಅಂಗಡಿಯಲ್ಲಿ ಮೈಲುತುತ್ತದ ಚೀಲವಿಲ್ಲದಿದ್ದರೆ, "ಶಿರಸಿಯಿಂದ ಹೊರಟಿದೆ" ಎಂಬ ಉತ್ತರವನ್ನು ಮರಕ್ಕೆ ಸಿಂಪಡಿಸುವಂತಿಲ್ಲ.

ಹೊರಟಿದೆ, ಆದರೆ ಬಂದಿಲ್ಲ. ಈ ನಡುವಣ ಸ್ಥಿತಿಯೇ ಈ ಲೇಖನದ ವಿಷಯ. ಒಂದು ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳೋಣ. ಅದರ ದೊಡ್ಡ ಗೋದಾಮು ಶಿರಸಿಯಲ್ಲಿ, ಶಾಖೆಯ ಅಂಗಡಿ ಉಮ್ಮಚಗಿಯಲ್ಲಿ, ಲೆಕ್ಕವೆಲ್ಲವೂ ಗಣಕಯಂತ್ರದಲ್ಲಿ. ಇದು ದೂರದ ಮಾತಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ತರುವ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿಯೇ ಒಪ್ಪಿಗೆ ಕೊಟ್ಟಿತು. ನಾವು ಮಾದರಿಯಾಗಿ ತೆಗೆದುಕೊಳ್ಳುವ ತಂತ್ರಾಂಶ ಮಾತ್ರ ದೊಡ್ಡ ಉದ್ಯಮಗಳಲ್ಲಿ ಬಳಕೆಯಲ್ಲಿರುವ 'ಸ್ಯಾಪ್'. 1972ರಲ್ಲಿ ಜರ್ಮನಿಯ ಐವರು ಸ್ಥಾಪಿಸಿದ ಸಂಸ್ಥೆಯದು. ಸರಕು ಇಡುವ ಪ್ರತಿಯೊಂದು ನೆಲೆಯನ್ನೂ ಅದು 'ಪ್ಲಾಂಟ್' ಎಂದು ಕರೆದು ನಾಲ್ಕು ಅಕ್ಷರಗಳ ಗುರುತು ಕೊಡುತ್ತದೆ. ಕಾರ್ಖಾನೆಯೇ ಆಗಬೇಕೆಂದಿಲ್ಲ, ನಾಲ್ಕು ಕಪಾಟುಗಳ ಅಂಗಡಿಯೂ ಪ್ಲಾಂಟ್ ಆದೀತು.

ಶಿರಸಿಯಲ್ಲಿ 100 ಚೀಲ, ಉಮ್ಮಚಗಿಯಲ್ಲಿ 5 ಚೀಲ ಇವೆಯೆನ್ನೋಣ. 40 ಚೀಲಗಳನ್ನು ಕಳುಹಬೇಕು. ಅತ್ಯಂತ ಸರಳವಾದ ವಿಧಾನವೆಂದರೆ ಒಂದೇ ಹೆಜ್ಜೆಯ ವರ್ಗಾವಣೆ. ಸ್ಯಾಪ್‌ನ ಚಲನಸಂಖ್ಯೆಗಳಲ್ಲಿ ಇದಕ್ಕೆ 301 ಎಂಬ ಗುರುತು. ಗುಮಾಸ್ತನು ಒಮ್ಮೆ ಬರೆದೊಡನೆ ಶಿರಸಿಯ ಲೆಕ್ಕ 60ಕ್ಕೆ ಇಳಿಯುತ್ತದೆ, ಉಮ್ಮಚಗಿಯದು 45ಕ್ಕೆ ಏರುತ್ತದೆ. ಮೊತ್ತ 105 ಆಗಿಯೇ ಉಳಿಯಿತು. ಇನ್ನೇನು ಬೇಕು?

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ತುಸು ನಿಲ್ಲಬೇಕು. ವಿದ್ಯುದಾವೇಶವು ಇಲ್ಲಿ ಮಾಯವಾಗಿ ಅದೇ ಕ್ಷಣದಲ್ಲಿ ದೂರದ ಇನ್ನೊಂದೆಡೆ ಕಾಣಿಸಿಕೊಂಡರೂ ಒಟ್ಟು ಮೊತ್ತ ಕೆಡುವುದಿಲ್ಲ. ಆದರೆ ಪ್ರಕೃತಿಯಲ್ಲಿ ಹಾಗೆ ನಡೆಯದು. ಒಂದು ಪೆಟ್ಟಿಗೆಯೊಳಗಿನ ಆವೇಶ ಕಡಮೆಯಾಗಬೇಕಾದರೆ ಅಷ್ಟೇ ಆವೇಶವು ಪೆಟ್ಟಿಗೆಯ ಗೋಡೆಯನ್ನು ದಾಟಿ ಪ್ರವಾಹವಾಗಿ ಹರಿದುಹೋಗಲೇಬೇಕು. ಇದೇ ಸಾತತ್ಯ ಸಮೀಕರಣದ ತಿರುಳು. 301ರ ಲೆಕ್ಕ ಮೊತ್ತವನ್ನು ಕಾಯುತ್ತದೆ, ಪ್ರವಾಹವನ್ನು ಮರೆಯುತ್ತದೆ. ಲಾರಿಯಲ್ಲಿ ನೆನೆದು ಹಾಳಾದ 2 ಚೀಲಗಳನ್ನು ಬಿಟ್ಟು 38 ಮಾತ್ರ ಬಂದವೆನ್ನೋಣ. ಯಂತ್ರದಲ್ಲಿ 45, ಕೈಯೆಣಿಕೆಗೆ 43. ಲೆಕ್ಕದ ಪ್ರಕಾರ ಚೀಲಗಳು ಶಿರಸಿ ಬಿಟ್ಟ ಕ್ಷಣವೇ ಉಮ್ಮಚಗಿ ತಲುಪಿದ್ದವು. ಆದುದರಿಂದ ಕಳೆದುದೂ ಉಮ್ಮಚಗಿಯಲ್ಲೇ. ತಾನು ಮುಟ್ಟಿಯೇ ಇಲ್ಲದ ಚೀಲಗಳಿಗೆ ಅಲ್ಲಿಯ ಅಂಗಡಿಕಾರನು ಜವಾಬು ಹೇಳಬೇಕಾಗುತ್ತದೆ. ಒಂದೇ ಆವರಣದ ಎರಡು ಕೋಣೆಗಳಿಗೆ ಈ ವಿಧಾನ ಸಾಕು. ಘಟ್ಟದ ರಸ್ತೆಗೆ ಸಾಲದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನಮ್ಮ ಪ್ರಯೋಗಶಾಲೆಯಿಂದ ಬೇರೊಂದು ಕಾಲೇಜಿಗೆ ಕೊಟ್ಟ ಆರು ಗಾಜಿನ ಪಟ್ಟಕಗಳು ಒಮ್ಮೆ ನಮ್ಮ ವಹಿಯಿಂದ ಹೋಗಿದ್ದವು, ಅವರ ವಹಿಗೆ ಸೇರಿರಲಿಲ್ಲ. ಕಾಗದದ ಮಟ್ಟಿಗೆ ಮೂರು ವಾರ ಅವು ಜಗತ್ತಿನಲ್ಲೇ ಇರಲಿಲ್ಲ! ಎರಡು ವಹಿಗಳ ನಡುವಿನ ದಾರಿಗೆ ಯಾರೂ ಒಂದು ಪುಟ ಇಟ್ಟಿರಲಿಲ್ಲ.

ಆ ಪುಟವನ್ನು ಇಡುವುದೇ ಎರಡು ಹೆಜ್ಜೆಯ ವಿಧಾನ. ಲಾರಿ ಹೊರಡುವಾಗ ಶಿರಸಿಯವರು 303 ಎಂದು ಬರೆಯುತ್ತಾರೆ. ಇಳಿಸಿಕೊಂಡಾಗ ಉಮ್ಮಚಗಿಯವರು 305 ಎಂದು ಬರೆಯುತ್ತಾರೆ. ನಡುವಣ ಕಾಲದಲ್ಲಿ ಶಿರಸಿ 60, ವರ್ಗಾವಣೆಯಲ್ಲಿ 40, ಉಮ್ಮಚಗಿ 5. ಒಂದು ವಿಶೇಷವನ್ನು ಗಮನಿಸಿರಿ: ಆ 40 ಚೀಲಗಳು ಮತ್ತು ಅವುಗಳ ಬೆಲೆ ಆಗಲೇ ಉಮ್ಮಚಗಿಯ ಹೆಸರಿಗೆ ಬಂದಿರುತ್ತವೆ, ಆದರೆ ಅವನ್ನು ಮಾರಲು ಯಂತ್ರ ಬಿಡದು. ತೋಟಿಗನಿಗೆ ಇಂದು 5 ಮಾತ್ರ ಉಂಟೆಂಬ ನಿಜವನ್ನು ಅಂಗಡಿಕಾರನು ಹೇಳಬಲ್ಲನು. 38 ಬಂದರೆ 38ನ್ನೇ ಬರೆದುಕೊಳ್ಳುತ್ತಾನೆ. ಉಳಿದ 2 ದಾರಿಯ ಪುಟದಲ್ಲೇ ನಿಲ್ಲುತ್ತವೆ.

ಇದರಲ್ಲಿಯೂ ಒಂದು ಕೊರತೆಯಿದೆ. ಒಂದೇ ವಾರದಲ್ಲಿ ಎರಡು ಲಾರಿಗಳು ಹೊರಟವೆನ್ನಿ. ದಾರಿಯ ಸರಕು ಒಂದೇ ಮೊತ್ತವಾಗಿ ಕೂಡಿಕೊಳ್ಳುತ್ತದೆ. ಯಾವ ಸ್ವೀಕೃತಿ ಯಾವ ರವಾನೆಯದೆಂಬ ಗಟ್ಟಿಯಾದ ಕೊಂಡಿ ಇರುವುದಿಲ್ಲ. ಮೂರನೆಯದಾದ ವರ್ಗಾವಣೆ ಬೇಡಿಕೆಯ ವಿಧಾನವು ಇದನ್ನು ನಿವಾರಿಸುತ್ತದೆ. ಇಲ್ಲಿ ಮೊದಲ ಮಾತು ಪಡೆಯುವವನದು: "ನನಗೆ 40 ಚೀಲ ಬೇಕು" ಎಂದು ಉಮ್ಮಚಗಿಯು ಸಂಖ್ಯೆಯುಳ್ಳ ಬೇಡಿಕೆಪತ್ರವನ್ನು ಹೊರಡಿಸುತ್ತದೆ. ಅದರ ಆಧಾರದ ಮೇಲೆ ಶಿರಸಿಯು 351 ಎಂದು ಕಳುಹುತ್ತದೆ (ಸಾಗಣೆಪತ್ರ ಸಮೇತವಾದರೆ 641), ಉಮ್ಮಚಗಿಯು 101 ಎಂದು ಸ್ವೀಕರಿಸುತ್ತದೆ. ಕೇಳಿದ್ದೆಷ್ಟು, ಹೊರಟದ್ದೆಷ್ಟು, ಬಂದದ್ದೆಷ್ಟು ಎಂಬುದೆಲ್ಲ ಆ ಒಂದು ಸಂಖ್ಯೆಯಡಿ ದೊರೆಯುತ್ತದೆ. ಲಾರಿ ಬಾಡಿಗೆಯನ್ನೂ ಚೀಲದ ಬೆಲೆಗೆ ಸೇರಿಸಬಹುದು. ಬರೆಯುವ ಕೆಲಸ ಹೆಚ್ಚು, ನಿಜ. ಮಳೆಗಾಲದ ಮೈಲುತುತ್ತಕ್ಕೆ ಇದೇ ಸರಿಯೆಂದು ನಮಗೆ ತೋರುತ್ತದೆ: ಬೇಡಿಕೆ ಮೊದಲೇ ದಾಖಲಾಗುವುದರಿಂದ, ಮೃಗಶಿರೆಗೆ ಮುನ್ನ ಯಾವ ಶಾಖೆಗೆ ಎಷ್ಟು ಬೇಕೆಂಬುದು ಗೋದಾಮಿಗೆ ತಿಳಿದಿರುತ್ತದೆ.

ತೆರಿಗೆಯ ಮಾತು ಒಂದಿಷ್ಟು. ಒಂದೇ ರಾಜ್ಯದಲ್ಲಿ, ಒಂದೇ ನೋಂದಣಿಯಡಿ ಇರುವ ಶಾಖೆಗಳ ನಡುವಣ ಸಾಗಣೆ ಮಾರಾಟವಲ್ಲ. ಶಾಖೆಯು ಗೋವೆಯಲ್ಲಿದ್ದರೆ ಮಾತ್ರ, 2017ರ ಸರಕು ಮತ್ತು ಸೇವಾ ತೆರಿಗೆಯ ಕಾನೂನು, ತನ್ನ ಸರಕನ್ನು ತನಗೇ ಕಳುಹಿದರೂ ಅದನ್ನು ಪೂರೈಕೆಯೆಂದೇ ಎಣಿಸುತ್ತದೆ.

ಇನ್ನು ಆ ಎರಡು ಚೀಲಗಳು. ಬೇಡಿಕೆಯ ವಿಧಾನದಲ್ಲಿ ಅವು 'ದಾರಿಯಲ್ಲಿ 2' ಎಂದು ತೋರುತ್ತಲೇ ಇರುತ್ತವೆ. ಲಾರಿಯ ಚಾಲಕನನ್ನು ಕೇಳಿ, ನೆನೆದ ಚೀಲಗಳನ್ನು ನೋಡಿ, ಕಾರಣವನ್ನು ಬರೆದ ಮೇಲೆ ಅವನ್ನು ದಾರಿಯ ಪುಟದಿಂದ ತೆಗೆಯಲೆಂದೇ ಬೇರೊಂದು ಸಂಖ್ಯೆಯಿದೆ, 557. ಆಗ ಮೊತ್ತ 103 ಆಗುತ್ತದೆ. ಉಮ್ಮಚಗಿಯ ಲೆಕ್ಕದಲ್ಲಿಯೂ 43, ಕಪಾಟಿನಲ್ಲಿಯೂ 43.