ಕುಟುಂಬದ ಪ್ರವಾಸಕ್ಕೆ ಸಾಲ ಮಾಡಬೇಕೇ?

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ‘ಈ ಸಲ ಎಲ್ಲಿಗೆ?’ ಎಂಬ ಮಾತು ಶುರುವಾಗುತ್ತದೆ. ಗಲ್ಫಿನಲ್ಲಿ ದುಡಿಯುವ ತಂದೆ ಒಂದು ತಿಂಗಳ ರಜೆಯಲ್ಲಿ ಊರಿಗೆ ಬರುವ ಮನೆಗಳಲ್ಲಂತೂ ಆ ಪ್ರಶ್ನೆಗೆ ತೂಕ ಹೆಚ್ಚು. ವರ್ಷವಿಡೀ ಮಕ್ಕಳ ಜೊತೆ ಇರಲಾಗದ ಕೊರತೆಯನ್ನು ಐದು ದಿನಗಳ ರೆಸಾರ್ಟ್ ವಾಸದಲ್ಲಿ ತುಂಬಿಸಿಕೊಡಬೇಕೆಂಬ ಹಂಬಲ ಅವರದು. ಕೈಯಲ್ಲಿ ಹಣ ಸಾಲದಿದ್ದರೆ ಕ್ರೆಡಿಟ್ ಕಾರ್ಡ್ ಇದೆ. ಪ್ರವಾಸಕ್ಕೆಂದೇ ಕಂತಿನ ಸಾಲ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅನೇಕ ಕಾರ್ಡುಗಳಲ್ಲಿ ಬಾಕಿ ಉಳಿಸಿದ ಹಣಕ್ಕೆ ತಿಂಗಳಿಗೆ ಶೇ. 3ಕ್ಕೂ ಮೇಲ್ಪಟ್ಟು ಬಡ್ಡಿ ಬೀಳುತ್ತದೆ. ಅಪ್ಪ ಮರಳಿ ವಿಮಾನ ಹತ್ತಿದ ಮೇಲೆ ಆ ಕಂತುಗಳನ್ನು ತುಂಬುವವರು ಊರಲ್ಲಿ ಉಳಿದ ತಾಯಂದಿರು. ಆದ್ದರಿಂದ ಪ್ರವಾಸದ ಖರ್ಚಿನ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದೆಂದು ನಮಗೆ ತೋರಿತು.

ಹಣ ಹೋಗುವುದು ಮುಖ್ಯವಾಗಿ ಓಡಾಟಕ್ಕೆ ಮತ್ತು ವಸತಿಗೆ. ಐದು ದಿನಕ್ಕೆ ನಾಲ್ಕು ಊರು ಎಂದು ಪಟ್ಟಿ ಮಾಡಿದರೆ ಬಾಡಿಗೆ ಕಾರು ಬೇಕು, ಚಾಲಕರ ಬತ್ತೆ ಬೇಕು, ಪ್ರತಿ ರಾತ್ರಿಗೂ ಹೊಸ ಕೋಣೆ ಬೇಕು. ಮಕ್ಕಳಿಗೆ ಸಿಗುವುದು ಕಾರಿನ ಹಿಂದಿನ ಸೀಟು ಮತ್ತು ವಾಂತಿ. ಒಂದೇ ಊರಿನಲ್ಲಿ ಎರಡು ಮೂರು ರಾತ್ರಿ ಉಳಿದರೆ ಖರ್ಚೂ ಇಳಿಯುತ್ತದೆ, ಮಕ್ಕಳು ಬೆಳಿಗ್ಗೆ ನಿಧಾನವಾಗಿ ಎದ್ದು ಆಡುವುದಕ್ಕೂ ಹೊತ್ತು ಸಿಗುತ್ತದೆ. ನೆರೆಮನೆಯವರ ಮುಂದೆ ಹೇಳಲು ಊರುಗಳ ಹೆಸರು ಕಡಿಮೆಯಾಗುತ್ತದೆ, ಅಷ್ಟೇ.

ಬಾದಾಮಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಂಗಳೂರಿನಿಂದ ಹಾಸನ, ಹುಬ್ಬಳ್ಳಿ, ಗದಗ ಮಾರ್ಗವಾಗಿ ವಿಜಯಪುರಕ್ಕೆ ಹೋಗುವ ರೈಲು ಬಾದಾಮಿಯ ಮೇಲೆಯೇ ಹಾದುಹೋಗುತ್ತದೆ. ರಾತ್ರಿ ಪ್ರಯಾಣವಾದ್ದರಿಂದ ಒಂದು ದಿನದ ಕೋಣೆ ಬಾಡಿಗೆ ತಾನಾಗಿ ಉಳಿಯುತ್ತದೆ. ಬಾದಾಮಿಯಲ್ಲಿ ಮರಳುಗಲ್ಲಿನ ಬೆಟ್ಟವನ್ನು ಕೊರೆದ ನಾಲ್ಕು ಗುಹೆಗಳಿವೆ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಮೆಟ್ಟಿಲು ಹತ್ತಿ ಹೋಗುವುದು, ಕೆಳಗೆ ಅಗಸ್ತ್ಯ ತೀರ್ಥದ ಕೆರೆ, ಕೈಯಲ್ಲಿದ್ದ ಬಾಳೆಹಣ್ಣು ಕಸಿಯುವ ಮಂಗಗಳು: ಮಕ್ಕಳಿಗೆ ಇಷ್ಟು ಸಾಕು. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ ಪಟ್ಟದಕಲ್ಲು ಅಲ್ಲಿಂದ ಸುಮಾರು 22 ಕಿ.ಮೀ., ಅದೇ ದಾರಿಯಲ್ಲಿ ಮುಂದೆ ಐಹೊಳೆ. ಕೇಂದ್ರ ಪುರಾತತ್ವ ಇಲಾಖೆಯ ಇಂಥ ತಾಣಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದೊಡ್ಡವರ ಟಿಕೆಟ್ ಕೂಡ ಕೆಲವು ಹತ್ತು ರೂಪಾಯಿಗಳಲ್ಲೇ ಮುಗಿಯುತ್ತದೆ. ವಾಟರ್ ಪಾರ್ಕಿನ ಒಬ್ಬರ ಟಿಕೆಟ್ ಹಣದಲ್ಲಿ ಇಡೀ ಮನೆಯವರು ಇವನ್ನೆಲ್ಲ ನೋಡಿ ಬರಬಹುದು.

ಅಲ್ಲಿನ ಓಡಾಟಕ್ಕೆ ಸರಕಾರಿ ಬಸ್ಸು ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಹಾಗೂ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸ, ಸ್ಲೀಪರ್ ಮತ್ತು ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸದು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಈ ಸೌಲಭ್ಯದ ಅಭ್ಯಾಸ ನಮ್ಮವರಿಗೆ ಕಡಿಮೆ. ಘಟ್ಟ ಹತ್ತಿದ ಮೇಲೂ ಅದನ್ನು ಮರೆತು ಟ್ಯಾಕ್ಸಿ ಹುಡುಕುತ್ತಾರೆ.

ರೈಲಿನ ಲೆಕ್ಕದಲ್ಲಿ ಕೆಲವು ಮಾತು. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ ದರ. ಬರ್ತ್ ಕೇಳಿದರೆ 2016ರಿಂದ ಪೂರ್ತಿ ದರ ಕೊಡಬೇಕು. ಆರು ವರ್ಷದ ಮಗು ತಾಯಿಯ ಪಕ್ಕದಲ್ಲಿ ಮಲಗಬಲ್ಲದು, ಹನ್ನೊಂದರ ಹುಡುಗನಿಗೆ ಆ ಉಳಿತಾಯ ಬೇಡ. ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಗಮನಿಸಬೇಕು: ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಗಿದೆ.

ಊಟದ ಖರ್ಚು ಸದ್ದಿಲ್ಲದೆ ಏರುವಂಥದು. ರೈಲಿಗೆ ಚಪಾತಿ ಮತ್ತು ಒಣ ಚಟ್ನಿ, ಎರಡನೆಯ ದಿನಕ್ಕೆ ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡರೆ ಸಾಕು. ತಲುಪಿದ ಊರಲ್ಲಿ ಆ ಊರಿನದನ್ನೇ ತಿನ್ನಬೇಕು. ಬಾದಾಮಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುವಾಗ ಮೀನಿನೂಟ ಹುಡುಕಿಕೊಂಡು ದುಬಾರಿ ಹೋಟೆಲಿಗೆ ಹೋಗುವುದು ನಮಗೆ ಅರ್ಥವಾಗದ ವಿಷಯ.

ಆದರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಬಾದಾಮಿ ಬೇಡ. ಬಂಡೆ ಕಾದಿರುತ್ತದೆ, ಮಕ್ಕಳು ಬಸವಳಿಯುತ್ತಾರೆ. ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಬೇಸಗೆಯಲ್ಲಿ ಮನೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಒಂದೊಂದು ದಿನದ ತಿರುಗಾಟವೇ ಲೇಸು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಮೂಡಿದ ಕಂಬದಂಥ ಬಂಡೆಗಳಿವೆ. ದೂರದೂರಿನ ಜನ ಅದನ್ನು ನೋಡಲು ಬರುತ್ತಾರೆ. ಉಡುಪಿಯ ಎಷ್ಟೋ ಮಕ್ಕಳು ಇನ್ನೂ ನೋಡಿಲ್ಲ. ಮಳೆಗಾಲದಲ್ಲಿ ದೋಣಿ ಇಲ್ಲ. 1432ರ ಕಾರ್ಕಳದ ಗೊಮ್ಮಟ ಮತ್ತು ಮೂಡುಬಿದಿರೆಯ ಸಾವಿರ ಕಂಬದ ಬಸದಿ ಸೇರಿ ಒಂದು ದಿನ. ಉಳಿದ ದಿನ ಅಜ್ಜಿ ಮನೆ, ಗೇರುಹಣ್ಣು, ಸೋದರ ಸಂಬಂಧಿಗಳ ಜಗಳ.

ಹಣದ ವಿಷಯವನ್ನು ಮಕ್ಕಳಿಂದ ಮುಚ್ಚಿಡುವುದೂ ಬೇಡ. ಹತ್ತು ವರ್ಷ ದಾಟಿದ ಮಗುವಿನ ಕೈಗೆ ಪ್ರವಾಸದ ದಿನದ ಖರ್ಚಿನ ಲಕೋಟೆ ಕೊಟ್ಟು, ಉಳಿದರೆ ಕೊನೆಯ ದಿನ ಐಸ್‌ಕ್ರೀಮಿಗೆ ಎಂದು ಹೇಳಿ ನೋಡಿ. ನೀರಿನ ಬಾಟಲಿ ಕೊಳ್ಳುವಾಗ ನಿಮ್ಮನ್ನೇ ಪ್ರಶ್ನಿಸುತ್ತದೆ! ರಜೆಯಲ್ಲಿ ಬಂದ ತಂದೆಯವರೂ ‘ಈ ಸಲ ಇಷ್ಟೇ ಹಣ’ ಎಂದು ಮಕ್ಕಳೆದುರು ಹೇಳಲು ಸಂಕೋಚಪಡಬೇಕಾಗಿಲ್ಲ. ಅವರನ್ನು ಸೈಕಲ್ಲಿನಲ್ಲಿ ಸಂತೆಗೆ ಕರೆದೊಯ್ಯಲು, ಹೊಳೆಯಲ್ಲಿ ಈಜು ಕಲಿಸಲು ಒಂದು ತಿಂಗಳು ಇದೆಯಲ್ಲ.

ದಸರಾ ರಜೆಗೆ ಹೊರಡುವವರು ಒಂದು ದಿನಾಂಕ ಗುರುತಿಟ್ಟುಕೊಳ್ಳಿ. 2024ರ ನವೆಂಬರ್ 1ರಿಂದ ರೈಲು ಟಿಕೆಟ್‌ಗಳು 120 ದಿನಗಳ ಬದಲು 60 ದಿನ ಮೊದಲು ಮಾತ್ರ ತೆರೆಯುತ್ತವೆ. ಅಕ್ಟೋಬರ್ 10ರ ಪ್ರಯಾಣಕ್ಕೆ ಆಗಸ್ಟ್ 11ರ ಬೆಳಿಗ್ಗೆ 8 ಗಂಟೆಗೇ ಕುಳಿತುಕೊಳ್ಳಬೇಕು. ಘಟ್ಟದಲ್ಲಿ ಕಾಮಗಾರಿ, ಗುಡ್ಡ ಕುಸಿತಗಳಿಂದ ರೈಲಿನ ವೇಳೆ ಬದಲಾಗುವುದುಂಟು. ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.