ಮೀಸೆಮೀನುಗಳಲ್ಲಿ ಗಂಡು ಹೆಣ್ಣುಗಳ ವಿವೇಚನೆ

ಮೀನಿನ ಉದರವನ್ನು ಸೀಳಿ ವೃಷಣವನ್ನೋ ಅಂಡಾಶಯವನ್ನೋ ನೋಡಿ ಲಿಂಗವನ್ನು ನಿರ್ಧರಿಸುವುದು ಪ್ರಯೋಗಶಾಲೆಯಲ್ಲಿ ರೂಢಿಯಾದ ಮಾರ್ಗ. ಆದರೆ ಸಂತಾನೋತ್ಪತ್ತಿಯನ್ನು ಅಭ್ಯಸಿಸಬಯಸುವವರಿಗೆ ಇದರಿಂದ ಪ್ರಯೋಜನವಿಲ್ಲ. ನಿರ್ಣಯವೇನೋ ದೊರೆಯುತ್ತದೆ, ಮೀನು ಉಳಿಯುವುದಿಲ್ಲ. ಆದುದರಿಂದ ಗಾಜಿನ ತೊಟ್ಟಿಯಲ್ಲಿ ಸಾಕುವ ಮೀಸೆಮೀನುಗಳ ಹೊರಲಕ್ಷಣಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಮೂರು ಉದಾಹರಣೆಗಳಿಂದ ವಿವೇಚಿಸೋಣ.

ಮೊದಲನೆಯದು ದಕ್ಷಿಣ ಅಮೆರಿಕದ ಆನ್ಸಿಸ್ಟ್ರಸ್. ಇದರ ಪ್ರೌಢ ಗಂಡಿನ ಮೂತಿಯ ಮೇಲೆ ಕವಲೊಡೆದ ಮೃದುವಾದ ಎಳೆಗಳು ಪೊದೆಯಂತೆ ಬೆಳೆದಿರುತ್ತವೆ. ಹೆಣ್ಣಿನಲ್ಲಿ ಅವು ಇರುವುದಿಲ್ಲ, ಇದ್ದರೂ ಮೂತಿಯ ಅಂಚಿನಲ್ಲಿ ಗಿಡ್ಡವಾಗಿರುತ್ತವೆ. ಪೊಟರೆಯಲ್ಲಿ ಮೊಟ್ಟೆ ಮರಿಗಳನ್ನು ಕಾಯುವುದು ಗಂಡಿನ ಕೆಲಸ. ಈ ಎಳೆಗಳು ಮರಿಗಳ ರೂಪವನ್ನು ಅನುಕರಿಸಿ ಹೆಣ್ಣನ್ನು ಆಕರ್ಷಿಸುತ್ತವೆಯೆಂಬ ಊಹೆಯೊಂದನ್ನು 1999ರಲ್ಲಿ ಮಂಡಿಸಲಾಗಿದೆ. ಆದರೆ ಎಳೆಯ ಗಂಡಿನಲ್ಲಿ ಈ ಗುರುತು ಇನ್ನೂ ಮೂಡಿರುವುದಿಲ್ಲ.

ಎರಡನೆಯದಾದ ಕೋರಿಡೋರಸ್‌ನಲ್ಲಿ ಇಂತಹ ಅಲಂಕಾರವಿಲ್ಲ. ಇಲ್ಲಿ ಮೀನನ್ನು ಪಕ್ಕದಿಂದಲ್ಲದೆ ಮೇಲಿನಿಂದ ನೋಡಬೇಕು. ಪ್ರೌಢ ಹೆಣ್ಣಿನ ದೇಹವು ದೊಡ್ಡದು. ಎದೆಯ ಈಜುರೆಕ್ಕೆಗಳ ಹಿಂಭಾಗದಲ್ಲಿ ಅಗಲವಾಗಿರುತ್ತದೆ. ಗಂಡು ಕಿರಿದು, ಸಪೂರ. ಈ ವ್ಯತ್ಯಾಸವು ತುಲನಾತ್ಮಕವಾದುದರಿಂದ ಒಂದೇ ವಯಸ್ಸಿನ ಹಲವು ಮೀನುಗಳನ್ನು ಒಟ್ಟಿಗೆ ಹೋಲಿಸಿದಲ್ಲದೆ ನಿರ್ಣಯ ಸಲ್ಲದು.

ಮೂರನೆಯದು ನಮ್ಮ ದೇಶದ ಚೇಳುಮೀನು, ಹೆಟೆರೊಪ್ನ್ಯೂಸ್ಟೆಸ್ ಫಾಸಿಲಿಸ್. ಇದರಲ್ಲಿ ಮಲದ್ವಾರದ ಹಿಂದಿರುವ ಜನನಾಂಕುರವನ್ನು ಪರೀಕ್ಷಿಸಬೇಕು. ಗಂಡಿನಲ್ಲಿ ಅದು ನೀಳವಾಗಿ ತುದಿ ಚೂಪಾಗಿರುತ್ತದೆ. ಹೆಣ್ಣಿನಲ್ಲಿ ಗಿಡ್ಡವಾಗಿ ದುಂಡಗಿರುತ್ತದೆ. ಮಳೆಗಾಲದ ಸಂತಾನ ಋತುವಿನಲ್ಲಿ ಹೆಣ್ಣಿನ ಹೊಟ್ಟೆಯೂ ಉಬ್ಬಿರುವುದರಿಂದ ಭೇದವು ಸ್ಪಷ್ಟ. ಪಿಟ್ಯೂಟರಿ ಗ್ರಂಥಿಯ ದ್ರವ್ಯವನ್ನು ಚುಚ್ಚಿ ಭಾರತದ ಮೀಸೆಮೀನಿನಲ್ಲಿ ಮೊಟ್ಟೆಯಿಡಿಸಿದ ಪ್ರಯೋಗವನ್ನು ಎಲ್. ಎಸ್. ರಾಮಸ್ವಾಮಿ ಮತ್ತು ಬಿ. ಐ. ಸುಂದರರಾಜ್ ಅವರು 1956ರಲ್ಲಿ ಪ್ರಕಟಿಸಿದರು. ಇಂತಹ ಪ್ರಯೋಗಗಳಿಗೆಲ್ಲ ಜೀವಂತ ಮೀನಿನ ಲಿಂಗನಿರ್ಣಯವೇ ಮೊದಲ ಮೆಟ್ಟಿಲು. ಈ ಮೀನಿನ ಎದೆಯ ಮುಳ್ಳು ವಿಷಯುಕ್ತವಾದುದರಿಂದ ಬರಿಗೈಯಿಂದ ಹಿಡಿಯಲಾಗದು. ಬಲೆಗೆ ಮುಳ್ಳು ಸಿಕ್ಕಿಕೊಳ್ಳುವ ಸಂಭವವೂ ಉಂಟು. ಆದುದರಿಂದ ಅಗಲ ಬಾಯಿಯ ಗಾಜಿನ ಜಾಡಿಯೊಳಕ್ಕೆ ಅದನ್ನು ಸರಿಸಿಕೊಂಡು ಕೆಳಗಿನಿಂದ ನೋಡುವುದು ಕ್ಷೇಮ.

ಮೇಲಿನ ಉದಾಹರಣೆಗಳಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಗುರುತಿನ ಇರುವಿಕೆ ಸಾಕ್ಷ್ಯವಾಗಬಲ್ಲದು. ಅದರ ಅಭಾವವು ಆಗಲಾರದು. ಮೂತಿಯಲ್ಲಿ ಎಳೆಗಳಿಲ್ಲದ ಮೀನು ಹೆಣ್ಣಾಗಿರಬಹುದು, ಪ್ರಾಯಕ್ಕೆ ಬಾರದ ಗಂಡೂ ಆಗಿರಬಹುದು. ಹೊಟ್ಟೆ ಉಬ್ಬಿಲ್ಲದ ಮೀನು ಗಂಡಾಗಿರಬಹುದು, ಋತು ಮುಗಿದ ಹೆಣ್ಣೂ ಆಗಿರಬಹುದು. ಇದನ್ನು ಮರೆತು ಎರಡು ಗಂಡುಗಳನ್ನೇ ಜೋಡಿಯೆಂದು ಬಗೆದರೆ ಒಂದು ಋತುವಿನ ಶ್ರಮವೇ ವ್ಯರ್ಥವಾಗುತ್ತದೆ. ಮೊಟ್ಟೆಯಿಡದಿದ್ದುದಕ್ಕೆ ನೀರನ್ನೋ ಆಹಾರವನ್ನೋ ದೂಷಿಸಿ ಇನ್ನೊಂದು ತಪ್ಪು ತೀರ್ಮಾನಕ್ಕೆ ಬರುವಂತಾಗುತ್ತದೆ. ಆದುದರಿಂದ ವೀಕ್ಷಣೆಯ ಪುಸ್ತಕದಲ್ಲಿ ಗಂಡು, ಹೆಣ್ಣು ಎಂಬೆರಡು ಅಂಕಣಗಳ ಜೊತೆಗೆ ‘ಅನಿರ್ಣೀತ’ ಎಂಬ ಮೂರನೆಯದನ್ನೂ ಇರಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.