ಹಿರಿಯರ ಪಯಣ: ಸುರಕ್ಷತೆಯೊಂದಿಗೆ ಗೌರವವೂ ಇರಲಿ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಲ್ಲಿ ವಯೋವೃದ್ಧರನ್ನು ಶುಶ್ರೂಷಾಗೃಹಕ್ಕೆ ಸೇರಿಸುವುದು ಇಂದು ಅಪರೂಪವಲ್ಲ. ಸೇರಿಸುವ ಮುನ್ನ ನಾವು ಕೋಣೆ, ಊಟೋಪಚಾರ, ಶುಲ್ಕಗಳನ್ನು ವಿಚಾರಿಸುತ್ತೇವೆ. ಅಲ್ಲಿಂದ ಆಸ್ಪತ್ರೆಗೆ ಅವರನ್ನು ಹೇಗೆ ಕರೆದೊಯ್ಯುತ್ತಾರೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ವಾಹನಕ್ಕೆ ಬದಲಾಯಿಸುವ ಕ್ಷಣಗಳಲ್ಲಿ ಹಿರಿಯರು ಬೀಳುವ ಅಪಾಯವಿದೆ.

ಆಂಟಾಪ್ ಹಿಲ್ ಪರಿಸರವನ್ನೇ ಗಮನಿಸೋಣ. ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಸಮೀಪದಲ್ಲಿದೆ, ಪರೇಲ್‌ನ ಕೆ.ಇ.ಎಂ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳೂ ಬಹುದೂರವಲ್ಲ. ಆದರೂ ದಾರಿ ಸುಲಭವಲ್ಲ. ಸಾಯನ್‌ನಿಂದ ದಕ್ಷಿಣಕ್ಕೆ ಆಟೋರಿಕ್ಷಾಗಳಿಗೆ ಅನುಮತಿಯಿಲ್ಲ. ಅನೇಕ ಟ್ಯಾಕ್ಸಿಗಳ ಡಿಕ್ಕಿಯನ್ನು ಸಿ.ಎನ್.ಜಿ. ಸಿಲಿಂಡರ್ ಆಕ್ರಮಿಸಿರುವುದರಿಂದ ಗಾಲಿಕುರ್ಚಿಗೆ ಸ್ಥಳವಿರದು. ಮಳೆ ಜೋರಾದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಪರಿಸರ ಜಲಾವೃತವಾಗುತ್ತದೆ. ವಾರಕ್ಕೆ 2-3 ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ ಇದು ಜೀವದ ಪ್ರಶ್ನೆ.

ಸುರಕ್ಷಿತ ಸಾಗಣೆಯ ಕ್ರಮ ಸರಳವಾಗಿದೆ. ಕೂರಿಸುವಾಗ, ಎಬ್ಬಿಸುವಾಗ ಗಾಲಿಕುರ್ಚಿಯ ಬ್ರೇಕ್ ಹಾಕಿರಬೇಕು, ಪಾದದ ಹಲಗೆಗಳನ್ನು ಮೇಲಕ್ಕೆ ಮಡಚಿರಬೇಕು. ತೋಳು ಹಿಡಿದು ಎಳೆಯಬಾರದು. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ವಾಹನದೊಳಗೆ ಬ್ರೇಕ್ ಒಂದೇ ಸಾಲದು. ಕುರ್ಚಿಯನ್ನು ಮುಮ್ಮುಖವಾಗಿರಿಸಿ ನಾಲ್ಕೂ ಕಡೆಯಿಂದ ನೆಲಕ್ಕೆ ಬಿಗಿಯಬೇಕು, ಕುಳಿತವರಿಗೆ ಪ್ರತ್ಯೇಕ ಬೆಲ್ಟ್ ಬೇಕು. ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಔಷಧಗಳ ಪಟ್ಟಿ, ಹಳೆಯ ವರದಿಗಳು, ಮಧುಮೇಹಿಗಳಿಗೆ ಲಘು ಆಹಾರ ಜೊತೆಗಿರಲಿ.

ಗೌರವವೆಂಬುದು ಇದರಿಂದ ಬೇರೆಯಲ್ಲ. ಮುಟ್ಟುವ ಮೊದಲು ಹೇಳಬೇಕು, ಮೈಮೇಲಿನ ಬಟ್ಟೆ ಸರಿಪಡಿಸಬೇಕು, ಹೊರಡುವ ಮುನ್ನ ಶೌಚಕ್ಕೆ ಅವಕಾಶ ಕೊಡಬೇಕು. ಏಕಾಏಕಿ ಎತ್ತಿದರೆ ಹಿರಿಯರು ಬೆದರಿ ಸೆಟೆದುಕೊಳ್ಳುತ್ತಾರೆ, ಆಗಲೇ ಹಿಡಿತ ತಪ್ಪುತ್ತದೆ. ಮರೆವಿನ ಕಾಯಿಲೆಯಿಂದ ಬಳಲುವವರಲ್ಲಿ ನಡುವಯಸ್ಸಿನಲ್ಲಿ ಕಲಿತ ಹಿಂದಿ, ಮರಾಠಿ ಮಾಸಿ, ಕನ್ನಡವೋ ತುಳುವೋ ಮಾತ್ರ ಉಳಿಯುವುದುಂಟು. ಅಂಥವರಿಗೆ ತಾಯ್ನುಡಿಯ ಒಂದು ಮಾತೂ ದೊಡ್ಡ ಆಸರೆ. ಸಹಾಯಕರಿಗೆ 'ನಿಧಾನ', 'ನೋವಾಗುತ್ತಿದೆಯೇ' ಎಂಬಂಥ ನಾಲ್ಕು ಪದಗಳನ್ನು ಕುಟುಂಬದವರೇ ಕಲಿಸಿಕೊಡಬಹುದು.

2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲಿರಬೇಕೆನ್ನುತ್ತದೆ. ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯೋಣ. ತುರ್ತು ಸಂದರ್ಭಕ್ಕೆ 108 ಆಂಬುಲೆನ್ಸ್ ಇದೆ. ನಿತ್ಯದ ಓಡಾಟಕ್ಕೆ ಶುಶ್ರೂಷಾಗೃಹದ ವ್ಯವಸ್ಥೆಯೇನು, ವಾಹನ ಯಾವುದು, ಜೊತೆಗೆ ಬರುವವರು ಯಾರು, ಅವರಿಗೆ ತರಬೇತಿ ಆಗಿದೆಯೇ ಎಂಬುದನ್ನು ಸೇರಿಸುವ ದಿನವೇ ಕೇಳಿ ತಿಳಿಯೋಣ. ನಮ್ಮನ್ನು ಕೈಹಿಡಿದು ನಡೆಸಿದವರಿಗೆ ಇಷ್ಟು ಕಾಳಜಿ ನಮ್ಮಿಂದ ಸಲ್ಲಲೇಬೇಕು.